ರಾಮಚಂದ್ರನ್ ನಕ್ಷೆ ಮತ್ತು ಚಿನ್ನದ ಗಣಿಯ ದೂಳು

2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. 38 ದಿನಗಳ ನಂತರ, ಏಪ್ರಿಲ್ 7ರಂದು, ಚೆನ್ನೈನಲ್ಲಿ ಪ್ರೊ. ಜಿ.ಎನ್. ರಾಮಚಂದ್ರನ್ ತಮ್ಮ 78ನೆಯ ವಯಸ್ಸಿನಲ್ಲಿ ನಿಧನರಾದರು. ಮೊದಲ ಸುದ್ದಿ ರಾಬರ್ಟ್‌ಸನ್‌ಪೇಟೆಯ ಮನೆಮನೆಗೂ ತಟ್ಟಿತು. ಎರಡನೆಯದು ಅಲ್ಲಿ ಯಾರ ಕಿವಿಗೂ ಬಿದ್ದಿರಲಾರದು. ಈ ಎರಡನ್ನು ಜೊತೆಯಾಗಿ ನೆನೆಯಲು ಮೇಲ್ನೋಟಕ್ಕೆ ಕಾರಣವಿಲ್ಲ. ಆದರೆ ಗಣಿ ಕಾರ್ಮಿಕರ ಎದೆಗೂಡಿನಲ್ಲಿ ಗಟ್ಟಿಯಾಗಿ ಕುಳಿತು ಉಸಿರು ಕಟ್ಟಿಸಿದ ವಸ್ತು ಯಾವುದೋ, ಅದರ ಅಣುರಚನೆಯನ್ನು ಜಗತ್ತಿಗೆ ಮೊದಲು ತಿಳಿಸಿಕೊಟ್ಟವರು ಇದೇ ರಾಮಚಂದ್ರನ್. ಆ ವಸ್ತುವಿನ ಹೆಸರು ಕೊಲಾಜೆನ್.

ಕೋಲಾರದ ಚಿನ್ನ ಬೆಣಚುಕಲ್ಲಿನ ಪದರಗಳಲ್ಲಿ ಹುದುಗಿತ್ತು. ಬೆಣಚುಕಲ್ಲು ಎಂದರೆ ಶುದ್ಧ ಸಿಲಿಕಾ. ಅದನ್ನು ಕೊರೆದಾಗ, ಸಿಡಿಮದ್ದಿನಿಂದ ಒಡೆದಾಗ ಏಳುವ ದೂಳಿನ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ತಳಕ್ಕೆ ಇಳಿದುಬಿಡುತ್ತವೆ. ದೇಹದ ಕಾವಲು ಕೋಶಗಳು ಅವುಗಳನ್ನು ನುಂಗುತ್ತವೆ, ಜೀರ್ಣಿಸಿಕೊಳ್ಳಲಾಗದೆ ಸಾಯುತ್ತವೆ. ಸಾಯುವಾಗ ಕೆಲವು ರಾಸಾಯನಿಕ ಸಂದೇಶಗಳನ್ನು ಹೊರಚೆಲ್ಲುತ್ತವೆ. ಗಾಯವಾಗಿದೆ, ದುರಸ್ತಿ ಮಾಡಿ ಎಂಬುದೇ ಆ ಸಂದೇಶಗಳ ಅರ್ಥ. ದುರಸ್ತಿಗೆ ಬಂದ ಕೋಶಗಳು ಕೊಲಾಜೆನ್ ನೇಯಲು ತೊಡಗುತ್ತವೆ. ಕಣ ಕರಗುವುದಿಲ್ಲ, ಹಾಗಾಗಿ ಸಂದೇಶವೂ ನಿಲ್ಲುವುದಿಲ್ಲ, ನೇಯ್ಗೆಯೂ ನಿಲ್ಲುವುದಿಲ್ಲ. ಮೃದುವಾಗಿ ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶದಲ್ಲಿ ಗಂಟುಗಂಟಾದ ಕಲೆಗಳು ಬೆಳೆಯುತ್ತವೆ. ಇದೇ ಸಿಲಿಕೋಸಿಸ್. ಗಣಿಯ ಕೆಲಸ ಬಿಟ್ಟು ಹತ್ತಾರು ವರ್ಷಗಳಾದ ಮೇಲೂ ಈ ಬೆಳವಣಿಗೆ ಮುಂದುವರಿಯಬಲ್ಲದು.

1940ರಿಂದ 1946ರ ನಡುವೆ ಅಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ ಡಾ. ಕ್ಯಾಪ್ಲನ್ ಮತ್ತು ಸಂಗಡಿಗರು ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇ 40ಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗದ ಲಕ್ಷಣಗಳು ಕಂಡುಬಂದವು. ಭಾರತದಲ್ಲಿ ಈ ರೋಗದ ವ್ಯವಸ್ಥಿತ ಅಧ್ಯಯನ ಆರಂಭವಾದದ್ದೇ ಕೆಜಿಎಫ್‌ನಿಂದ. ವಿಜ್ಞಾನಿಗಳ ವಲಯದಲ್ಲಿ ಆ ಊರಿನ ಹೆಸರು ಬೇರೊಂದು ಕಾರಣಕ್ಕೆ ಗೌರವದಿಂದ ಕೇಳಿಬರುತ್ತದೆ. 1965ರಲ್ಲಿ ಆ ಗಣಿಯ ಆಳದಲ್ಲಿಯೇ ವಾತಾವರಣದ ನ್ಯೂಟ್ರಿನೊ ಕಣಗಳು ಪತ್ತೆಯಾದವು. ನ್ಯೂಟ್ರಿನೊ ಯಾರ ಎದೆಯನ್ನೂ ನೋಯಿಸದೆ ಹಾದುಹೋಗುವ ಕಣ. ದೂಳಿನ ಕಣಕ್ಕೆ ಆ ಔದಾರ್ಯವಿರಲಿಲ್ಲ.

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೊಚ್ಚಿಯ ಸಮೀಪ. ತಂದೆ ನಾರಾಯಣ ಅಯ್ಯರ್ ಎರ್ನಾಕುಲಂನ ಮಹಾರಾಜ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮನೆಯಲ್ಲಿ ಗಣಿತವೇ ಮಾತು, ಗಣಿತವೇ ಆಟ. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿ ಮುಗಿಸಿ 1942ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಗೆ ಬಂದರು. ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಆದರೆ ಅಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದವರು ಸರ್ ಸಿ.ವಿ. ರಾಮನ್. ಹುಡುಗನ ಪ್ರತಿಭೆ ಅವರ ಕಣ್ಣಿಗೆ ಬಿತ್ತು. ಈತ ನಿಮ್ಮ ವಿಭಾಗಕ್ಕೆ ತುಸು ಹೆಚ್ಚೇ ಚುರುಕಾಗಿದ್ದಾನೆ ಎಂಬ ಅರ್ಥದ ಮಾತನ್ನು ವಿದ್ಯುತ್ ವಿಭಾಗದ ಮುಖ್ಯಸ್ಥರಿಗೆ ಹೇಳಿ ರಾಮನ್ ಆತನನ್ನು ತಮ್ಮ ಕಡೆಗೆ ಎಳೆದುಕೊಂಡರೆಂಬ ಕಥೆ ಸಂಸ್ಥೆಯ ಆವರಣದಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಇಂದಿನ ನಿಯಮಾವಳಿಗಳ ಅಡಿಯಲ್ಲಿ ಇಂತಹ ವರ್ಗಾವಣೆಗೆ ಎಷ್ಟು ಸಮಿತಿಗಳ ಒಪ್ಪಿಗೆ ಬೇಕಾಗುತ್ತಿತ್ತು ಎಂದು ಯೋಚಿಸಿದರೆ, ಕಡತಗಳ ನಡುವೆಯೇ ಬದುಕು ಸವೆಸಿದ ನನ್ನಂತಹವನಿಗೆ ನಗು ಬರುತ್ತದೆ.

ರಾಮನ್ ಅವರ ಬಳಿ ಅವರು ಕಲಿತದ್ದು ಹರಳುಗಳ ವಿಜ್ಞಾನ. ಬೆಳಕು ಮತ್ತು ಕ್ಷ-ಕಿರಣಗಳನ್ನು ಹರಳಿನ ಮೂಲಕ ಹಾಯಿಸಿ, ಅವು ಚೆದುರುವ ಬಗೆಯಿಂದ ಒಳಗಿನ ಅಣುಗಳ ವಿನ್ಯಾಸವನ್ನು ಊಹಿಸುವ ವಿದ್ಯೆ ಅದು. 1945ರಲ್ಲಿ ರಾಜಲಕ್ಷ್ಮಿಯವರೊಡನೆ ವಿವಾಹವಾಯಿತು. ಆತ್ಮೀಯರಿಗೆ ಆಕೆ ರಾಜಮ್. ಮುಂದಿನ ಅರ್ಧ ಶತಮಾನ ಆ ಮನೆಯ, ಆ ಮನಸ್ಸಿನ ಸಮತೋಲ ನಿಂತದ್ದು ಆಕೆಯ ಮೇಲೆ. 1947ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಹೋಗಿ, ವೂಸ್ಟರ್ ಅವರ ಮಾರ್ಗದರ್ಶನದಲ್ಲಿ ಎರಡೇ ವರ್ಷಗಳಲ್ಲಿ ಪಿಎಚ್.ಡಿ. ಮುಗಿಸಿ, 1949ರಲ್ಲಿ ಬೆಂಗಳೂರಿಗೆ ಮರಳಿದರು. ವಿದೇಶದಲ್ಲಿ ಉಳಿಯುವ ಅವಕಾಶಗಳಿದ್ದಾಗಲೂ ಮರಳಿ ಬರುವುದು ಆ ಪೀಳಿಗೆಗೆ ಸಹಜವೆನಿಸಿತ್ತು.

1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರು ಅಲ್ಲಿನ ಹೊಸ ಭೌತವಿಜ್ಞಾನ ವಿಭಾಗದ ಹೊಣೆ ಹೊರಲು ರಾಮನ್ ಅವರನ್ನು ಕೇಳಿಕೊಂಡರು. ರಾಮನ್ ಒಪ್ಪದೆ ತಮ್ಮ ಶಿಷ್ಯನ ಹೆಸರು ಹೇಳಿದರು. ಮೂವತ್ತರ ಹೊಸ್ತಿಲಲ್ಲಿದ್ದ ಯುವಕನಿಗೆ ಪ್ರಾಧ್ಯಾಪಕ ಪೀಠವೂ ಇಡೀ ವಿಭಾಗವೂ ಒಟ್ಟಿಗೆ ದೊರೆತವು. ಆ ದಿನಗಳಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಿ ಜೆ.ಡಿ. ಬರ್ನಾಲ್ ಮದ್ರಾಸಿಗೆ ಬಂದಿದ್ದರು. ಮಾತಿನ ನಡುವೆ, ಕೊಲಾಜೆನ್‌ನ ರಚನೆ ಇನ್ನೂ ಯಾರಿಗೂ ಸರಿಯಾಗಿ ದಕ್ಕಿಲ್ಲ ಎಂದು ಅವರು ಪ್ರಸ್ತಾಪಿಸಿದರು. ಅಮೆರಿಕದ ಮಹಾರಥಿ ಲೈನಸ್ ಪೌಲಿಂಗ್ 1951ರಲ್ಲಿ ಸೂಚಿಸಿದ್ದ ಮಾದರಿಯೂ ಸರಿಹೊಂದಿರಲಿಲ್ಲ. ರಾಮಚಂದ್ರನ್ ಇದನ್ನೇ ಹಿಡಿದರು.

ಕೊಲಾಜೆನ್ ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳ ಮೂಲದ್ರವ್ಯ. ದೇಹದ ಒಟ್ಟು ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಅದೇ. ಮದ್ರಾಸಿನಲ್ಲಿ ಅನುಕೂಲವೊಂದು ನೆರೆಯಲ್ಲೇ ಇತ್ತು: ಗಿಂಡಿ ಆವರಣದ ಪಕ್ಕದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ. ಚರ್ಮ ಹದಮಾಡುವವರಿಗೆ ಕೊಲಾಜೆನ್ ನಿತ್ಯದ ಸಂಗತಿ. ಮಾದರಿಗಳು ಅಲ್ಲಿಂದ ಬಂದವು. ಈ ಪ್ರೋಟೀನಿನಲ್ಲಿ ಪ್ರತಿ ಮೂರು ಅಮೈನೊ ಆಮ್ಲಗಳಿಗೆ ಒಂದು ಗ್ಲೈಸಿನ್ ಇರುವುದು ಸಾಮಾನ್ಯವೆಂಬುದೂ ತಿಳಿದಿತ್ತು. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪಿನಾಥ ಕರ್ತಾ ಈ ಒಂದು ಸುಳುಹನ್ನು ಬೆನ್ನತ್ತಿದರು. ಗ್ಲೈಸಿನ್ ಅಮೈನೊ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು. ಮೂರು ಎಳೆಗಳು ಒಂದರೊಳಗೊಂದು ಹೆಣೆದುಕೊಂಡರೆ ನಡುವಿನ ಇಕ್ಕಟ್ಟಿನಲ್ಲಿ ಕೂರಬಲ್ಲದ್ದು ಅದೊಂದೇ. ಹಾಗಾದರೆ ಕೊಲಾಜೆನ್ ಮೂರೆಳೆಯ ಜಡೆಯೇ ಇರಬೇಕು. 1954ರಲ್ಲಿ, ಇನ್ನಷ್ಟು ಪರಿಷ್ಕರಿಸಿ 1955ರಲ್ಲಿ, ನೇಚರ್ ಪತ್ರಿಕೆಯಲ್ಲಿ ಅವರ ಈ ಮಾದರಿ ಪ್ರಕಟವಾಯಿತು. ಡಿಎನ್‌ಎಯ ಜೋಡಿ ಸುರುಳಿ ಪ್ರಕಟವಾಗಿ ಆಗಿನ್ನೂ ಒಂದೆರಡು ವರ್ಷಗಳಾಗಿದ್ದವು ಅಷ್ಟೆ.

ಆ ಜೋಡಿ ಸುರುಳಿಯ ಶಿಲ್ಪಿಗಳಲ್ಲೊಬ್ಬರಾದ ಫ್ರಾನ್ಸಿಸ್ ಕ್ರಿಕ್ ಅವರೇ ಎದುರಾಳಿಯಾದರು. ಅಲೆಕ್ಸಾಂಡರ್ ರಿಚ್ ಜೊತೆ ಸೇರಿ ಕ್ರಿಕ್ 1955ರಲ್ಲಿ ಮುಂದಿಟ್ಟ ಮಾದರಿಯೂ ಮೂರೆಳೆಯದ್ದೇ. ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಸಹಿಸಲಾಗದಷ್ಟು ಹತ್ತಿರ ಬಂದಿವೆ, ಅಂತಹ ಇಕ್ಕಟ್ಟು ಪ್ರಕೃತಿಯಲ್ಲಿ ಸಾಧ್ಯವಿಲ್ಲ ಎಂಬ ಟೀಕೆ ಅವರದು. ಮೂಲ ಕಲ್ಪನೆ ಯಾರದು ಎಂಬುದು ಮರೆಗೆ ಸರಿದು, ತಿದ್ದುಪಡಿ ಮಾಡಿದವರ ಹೆಸರೇ ಮುಂದೆ ಬರುವ ಸ್ಥಿತಿ ಒದಗಿತು. ಸಾಮಾನ್ಯರಾದರೆ ಇಲ್ಲಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಮುನಿಸಿಕೊಂಡು ವಿಷಯವನ್ನೇ ಬಿಡುತ್ತಾರೆ, ಇಲ್ಲವೇ ಉಳಿದ ಆಯುಷ್ಯವನ್ನೆಲ್ಲ ಆದ್ಯತೆಯ ಜಗಳದಲ್ಲಿ ಕಳೆಯುತ್ತಾರೆ. ರಾಮಚಂದ್ರನ್ ನೊಂದುಕೊಂಡರೆಂಬುದು ನಿಜ. ಆದರೆ ಆ ನೋವಿನಿಂದ ಅವರು ಒಂದು ಪ್ರಶ್ನೆಯನ್ನು ಹೊರತೆಗೆದರು. ಎರಡು ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು?

ಇದಕ್ಕೆ ಉತ್ತರ ಹುಡುಕಲು ಅವರೂ ಅವರ ಶಿಷ್ಯರಾದ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೂ ಅದುವರೆಗೆ ಪ್ರಕಟವಾಗಿದ್ದ ಹರಳುರಚನೆಗಳನ್ನೆಲ್ಲ ಜಾಲಾಡಿದರು. ಯಾವ ಪರಮಾಣುವಿಗೂ ಯಾವ ಪರಮಾಣುವಿಗೂ ನಡುವೆ ಕನಿಷ್ಠ ಎಷ್ಟು ಅಂತರ ಕಂಡುಬಂದಿದೆ ಎಂದು ಪಟ್ಟಿ ಮಾಡಿದರು. ಪ್ರೋಟೀನ್ ಎಂಬುದು ಅಮೈನೊ ಆಮ್ಲಗಳ ಸರಪಳಿ. ಪ್ರತಿ ಕೊಂಡಿಯಲ್ಲಿಯೂ ಸರಪಳಿ ತಿರುಗಲು ಮುಖ್ಯವಾಗಿ ಎರಡು ಕೀಲುಗಳಿವೆ. ಆ ಎರಡು ಕೋನಗಳಿಗೆ ಫೈ ಮತ್ತು ಸೈ ಎಂದು ಹೆಸರಿಟ್ಟು, ಒಂದನ್ನು ಅಡ್ಡಗೆರೆಯಲ್ಲಿಯೂ ಇನ್ನೊಂದನ್ನು ಉದ್ದಗೆರೆಯಲ್ಲಿಯೂ ಬರೆದರೆ ಒಂದು ಚೌಕ ಸಿಗುತ್ತದೆ. ಚೌಕದ ಪ್ರತಿ ಬಿಂದುವೂ ಸರಪಳಿಯ ಒಂದು ಭಂಗಿ. ಯಾವ ಭಂಗಿಯಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ, ಯಾವುದರಲ್ಲಿ ಇಲ್ಲ ಎಂಬುದನ್ನು ಮೇಜಿನ ಮೇಲಿನ ಲೆಕ್ಕಯಂತ್ರಗಳಲ್ಲಿ ಒಂದೊಂದಾಗಿ ಲೆಕ್ಕ ಹಾಕಿದರು. ನಮ್ಮ ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿ ಸಾಗುವಳಿ ಜಮೀನು ಯಾವುದು, ಖರಾಬು ಯಾವುದು ಎಂದು ಗುರುತು ಮಾಡಿದಂತೆ ಇದು. ಫಲಿತಾಂಶ ಅಚ್ಚರಿಯದಾಗಿತ್ತು. ಚೌಕದ ಬಹುಭಾಗ ಖರಾಬು. ಅನುಮತಿ ಇರುವುದು ಕೆಲವೇ ದ್ವೀಪಗಳಿಗೆ. ಪ್ರೋಟೀನುಗಳಲ್ಲಿ ಆವರೆಗೆ ಕಂಡಿದ್ದ ಸುರುಳಿಗಳೂ ಹಾಳೆಗಳೂ ಸರಿಯಾಗಿ ಆ ದ್ವೀಪಗಳ ಮೇಲೆಯೇ ಕುಳಿತಿದ್ದವು. 1963ರಲ್ಲಿ ಪ್ರಕಟವಾದ ಈ ನಕ್ಷೆಯೇ ಇಂದು ಜಗತ್ತಿನ ಎಲ್ಲ ಜೀವರಸಾಯನ ಪಠ್ಯಗಳಲ್ಲಿ ಇರುವ ರಾಮಚಂದ್ರನ್ ನಕ್ಷೆ.

ಇದರ ಹಿರಿಮೆಯನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ, ಪ್ರೋಟೀನು ಹೇಗೆಲ್ಲ ಮಡಿಚಿಕೊಳ್ಳಲಾರದು ಎಂಬುದನ್ನು ಅದು ತಿಳಿಸಿತು. ಅಸಾಧ್ಯವಾದುದನ್ನು ಬದಿಗಿಟ್ಟ ಮೇಲೆ ಸಾಧ್ಯವಾದುದನ್ನು ಹುಡುಕುವುದು ಸುಲಭ. ಇಂದಿಗೂ ಪ್ರಪಂಚದ ಯಾವುದೇ ಪ್ರಯೋಗಾಲಯ ಹೊಸ ಪ್ರೋಟೀನಿನ ರಚನೆಯನ್ನು ಸಾರ್ವಜನಿಕ ಕೋಶಕ್ಕೆ ಸಲ್ಲಿಸಿದಾಗ, ಅದರ ಕೋನಗಳು ರಾಮಚಂದ್ರನ್ ನಕ್ಷೆಯಲ್ಲಿ ಎಲ್ಲಿ ಬೀಳುತ್ತವೆ ಎಂಬುದನ್ನು ಪರಿಶೀಲಿಸುತ್ತಾರೆ. ಖರಾಬಿನಲ್ಲಿ ಬಿದ್ದ ಬಿಂದುಗಳು ಹೆಚ್ಚಿದ್ದರೆ ರಚನೆಯ ಮೇಲೆ ಅನುಮಾನ ಹುಟ್ಟುತ್ತದೆ. ಮದ್ರಾಸಿನಲ್ಲಿ ಕೈಲೆಕ್ಕದಿಂದ ಬರೆದ ಚೌಕ ಹೀಗೆ ಒಂದು ಜಾಗತಿಕ ಲೆಕ್ಕಪರಿಶೋಧಕನ ಸ್ಥಾನ ಪಡೆಯಿತು.

ಮದ್ರಾಸಿನಲ್ಲಿ ವಾತಾವರಣ ಬದಲಾದ ಬಳಿಕ ಅವರು ಆ ನಗರ ಬಿಟ್ಟರು. ಕೆಲಕಾಲ ಷಿಕಾಗೊದಲ್ಲಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಸತೀಶ್ ಧವನ್ ಅವರ ಆಹ್ವಾನದ ಮೇರೆಗೆ 1970ರ ದಶಕದ ಆರಂಭದಲ್ಲಿ ಮತ್ತೆ ಬೆಂಗಳೂರಿಗೆ ಬಂದು ಅಣುಜೀವಭೌತವಿಜ್ಞಾನ ಘಟಕವನ್ನು ಕಟ್ಟಿದರು. ರಾಮಕೃಷ್ಣನ್, ಶಶಿಶೇಖರನ್ ಸಹ ಬಂದರು. ಆಕ್ಸ್‌ಫರ್ಡ್‌ನಲ್ಲಿ ಡೊರೊಥಿ ಹಾಡ್ಜ್‌ಕಿನ್ ಅವರೊಡನೆ ಇನ್ಸುಲಿನ್ ರಚನೆಯ ಮೇಲೆ ದುಡಿದಿದ್ದ ಎಂ. ವಿಜಯನ್ ಇಲ್ಲಿಗೆ ಸೇರಿ, ಪ್ರೋಟೀನ್ ಹರಳುವಿಜ್ಞಾನವನ್ನು ಈ ನೆಲದಲ್ಲಿ ಬೇರೂರಿಸಿದರು. ಇದೇ ಕಾಲಕ್ಕೆ, 1971ರಲ್ಲಿ, ಎ.ವಿ. ಲಕ್ಷ್ಮಿನಾರಾಯಣನ್ ಜೊತೆ ರಾಮಚಂದ್ರನ್ ಬರೆದ ಪ್ರಬಂಧವೊಂದು ಕ್ಷ-ಕಿರಣದ ನೆರಳುಗಳಿಂದ ಒಳಗಿನ ಚಿತ್ರವನ್ನು ಮರಳಿ ಕಟ್ಟುವ ಗಣಿತ ವಿಧಾನವನ್ನು ಕೊಟ್ಟಿತು. ಸಿ.ಟಿ. ಸ್ಕ್ಯಾನ್ ಯಂತ್ರಗಳಲ್ಲಿ ಅದು ವ್ಯಾಪಕವಾಗಿ ಬಳಕೆಯಾಯಿತು. 1979ರ ನೊಬೆಲ್ ಸ್ಕ್ಯಾನ್ ಯಂತ್ರದ ಕೆಲಸಕ್ಕಾಗಿ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ ಹೋಯಿತು. ರಾಮಚಂದ್ರನ್ ಅವರಿಗೆ 1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದವು. ನೊಬೆಲ್ ಬರಲೇ ಇಲ್ಲ. ಈ ಬಗ್ಗೆ ನಮ್ಮಲ್ಲಿ ಆಗಾಗ ಕೇಳಿಬರುವ ಕೊರಗು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ನಾವು ನಿಜವಾಗಿ ಕೊರಗಬೇಕಾದದ್ದು ಬೇರೆಡೆ ಇದೆ.

ಅದನ್ನು ಹೇಳಲು ಗಾಯ ಮಾಯುವ ಸಂದೇಶಗಳಿಗೆ ಮರಳಬೇಕು. ರಾಮಚಂದ್ರನ್ ಮದ್ರಾಸಿಗೆ ಹೋದ ಆ 1950ರ ದಶಕದ ಆರಂಭದಲ್ಲಿಯೇ ಅಮೆರಿಕದ ಸೇಂಟ್ ಲೂಯಿಯಲ್ಲಿ ರೀಟಾ ಲೆವಿ ಮೊಂಟಾಲ್ಚಿನಿ ಎಂಬ ಇಟಲಿಯ ವಿಜ್ಞಾನಿ ನರಗಳನ್ನು ಬೆಳೆಸುವ ಒಂದು ವಸ್ತುವನ್ನು ಪತ್ತೆ ಮಾಡುತ್ತಿದ್ದರು. ಸ್ಟ್ಯಾನ್ಲಿ ಕೊಹೆನ್ ಅದನ್ನು ಪ್ರೋಟೀನೆಂದು ಗುರುತಿಸಿದರು, ಚರ್ಮವನ್ನು ಬೆಳೆಸುವ ಇನ್ನೊಂದನ್ನೂ ಕಂಡುಹಿಡಿದರು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು. ಹೀಗೆ ಒಂದು ಕೋಶ ಇನ್ನೊಂದಕ್ಕೆ ಬೆಳೆ, ಒಡೆ, ನೇಯು ಎಂದು ಆಜ್ಞೆ ಕಳಿಸುವ ಪ್ರೋಟೀನುಗಳಿಗೆ ಗ್ರೋತ್ ಫ್ಯಾಕ್ಟರ್ ಎಂದು ಹೆಸರು. ನಾವು ಬೆಳವಣಿಗೆಯ ದೂತರು ಎನ್ನಬಹುದು. ದೂತನ ಕೆಲಸ ಹಿತವಾಗಿರುವುದು ಮಿತಿಯಲ್ಲಿದ್ದಾಗ. ಕ್ಯಾನ್ಸರ್‌ನಲ್ಲಿ, ಮಧುಮೇಹಿಗಳ ಕಣ್ಣಿನ ಕಾಯಿಲೆಯಲ್ಲಿ, ಶ್ವಾಸಕೋಶದ ಕಲೆಗಟ್ಟುವಿಕೆಯಲ್ಲಿ ಆಜ್ಞೆ ಮಿತಿಮೀರಿರುತ್ತದೆ. ಆಗ ದೂತನನ್ನು ದಾರಿಯಲ್ಲಿಯೇ ಹಿಡಿದು ನಿಲ್ಲಿಸಬಲ್ಲ ಪ್ರೋಟೀನೊಂದನ್ನು ಮನುಷ್ಯನೇ ರೂಪಿಸಿ ಚುಚ್ಚುಮದ್ದಾಗಿ ಕೊಟ್ಟರೆ ಹೇಗೆ? ಕಳೆದ ಮೂರು ದಶಕಗಳ ವೈದ್ಯಕೀಯದ ದೊಡ್ಡ ಸಾಹಸ ಇದು.

1998ರಲ್ಲಿ ಸ್ತನ ಕ್ಯಾನ್ಸರ್‌ಗೆ ಟ್ರಾಸ್ಟುಝುಮ್ಯಾಬ್ ಬಂದಿತು. ಅದು ಬೆಳವಣಿಗೆಯ ಆಜ್ಞೆ ಸ್ವೀಕರಿಸುವ ಗ್ರಾಹಕವನ್ನೇ ಮುಚ್ಚುತ್ತದೆ. 2004ರಲ್ಲಿ ಬಂದ ಬೆವಾಸಿಝುಮ್ಯಾಬ್ ಗಡ್ಡೆಗೆ ಹೊಸ ರಕ್ತನಾಳ ಬೆಳೆಸುವ ದೂತನನ್ನು ಹಿಡಿಯುತ್ತದೆ. 2011ರ ಅಫ್ಲಿಬರ್ಸೆಪ್ಟ್ ಇನ್ನೂ ಜಾಣತನದ್ದು. ಅದೇ ದೂತನಿಗೆ ಅಂಟುವ ಎರಡು ಬೇರೆಬೇರೆ ಗ್ರಾಹಕಗಳ ತುಣುಕುಗಳನ್ನು ಕತ್ತರಿಸಿ, ಪ್ರತಿಕಾಯದ ಬಾಲಕ್ಕೆ ಜೋಡಿಸಿದ ಬೋನು ಅದು. ಕಣ್ಣಿನೊಳಗೆ ಚುಚ್ಚಿದರೆ ದೃಷ್ಟಿ ಉಳಿಯುತ್ತದೆ. ಇವನ್ನು ರೂಪಿಸುವವರಿಗೆ ಪ್ರೋಟೀನಿನ ಸರಪಳಿ ಎಲ್ಲಿ ಬಾಗಬಲ್ಲದು, ಎಲ್ಲಿ ಬಾಗಲಾರದು ಎಂಬ ಜ್ಞಾನ ಬೇಕೇಬೇಕು. ರಾಮಚಂದ್ರನ್ ಯಾವ ಔಷಧವನ್ನೂ ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದವರಲ್ಲ. ಆದರೂ ಈ ಔಷಧಗಳ ಅಡಿಪಾಯದ ಒಂದು ಕಲ್ಲು ಅವರದು.

ಅವರ ಕರ್ಮಭೂಮಿಯಾದ ಬೆಂಗಳೂರು ಈ ಔಷಧಗಳ ತಯಾರಿಕೆಯಲ್ಲಿ ಹಿಂದೆ ಬಿದ್ದಿಲ್ಲ. ಬಯೊಕಾನ್ ಸಂಸ್ಥೆ 2006ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗೆ ಬೆಳವಣಿಗೆಯ ಗ್ರಾಹಕವನ್ನು ತಡೆಯುವ ಪ್ರತಿಕಾಯವೊಂದನ್ನು ಮಾರುಕಟ್ಟೆಗೆ ತಂದಿತು. 2014ರಲ್ಲಿ ಟ್ರಾಸ್ಟುಝುಮ್ಯಾಬ್‌ನ ಸಮರೂಪವನ್ನು, 2017ರಲ್ಲಿ ಬೆವಾಸಿಝುಮ್ಯಾಬ್‌ನ ಸಮರೂಪವನ್ನು ಭಾರತದಲ್ಲಿ ಬಿಡುಗಡೆ ಮಾಡಿತು. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ಪ್ರಾಧಿಕಾರ ಮೊತ್ತಮೊದಲ ಟ್ರಾಸ್ಟುಝುಮ್ಯಾಬ್ ಸಮರೂಪಕ್ಕೆ ಅನುಮತಿ ಕೊಟ್ಟದ್ದು ಮೈಲಾನ್ ಜೊತೆಗೂಡಿ ಬಯೊಕಾನ್ ರೂಪಿಸಿದ ಔಷಧಕ್ಕೆ. 2024ರಲ್ಲಿ ಅಫ್ಲಿಬರ್ಸೆಪ್ಟ್‌ನ ಸಮರೂಪಕ್ಕೂ ಅಲ್ಲಿ ಅನುಮತಿ ದೊರೆಯಿತು. ಇದು ಹೆಮ್ಮೆಯ ಸಂಗತಿಯೇ. ಬಂಗಾರಪೇಟೆಯಿಂದ ಮುಂಜಾನೆಯ ರೈಲು ಹಿಡಿದು ಬೆಂಗಳೂರಿನ ಆಸ್ಪತ್ರೆಗಳಿಗೆ ಬರುವವರಲ್ಲಿ ಸ್ತನ ಕ್ಯಾನ್ಸರ್ ಇದ್ದವರಿಗೆ, ಮಧುಮೇಹದಿಂದ ಕಣ್ಣು ಮಂಜಾದವರಿಗೆ ಇಂದು ಇಂತಹ ಒಂದು ಚುಚ್ಚುಮದ್ದಾದರೂ ಇದೆ. ದರ ಇನ್ನೂ ದುಬಾರಿ, ಆದರೂ ಔಷಧ ಇದೆ.

ಅದೇ ರೈಲಿನಲ್ಲಿ ಬರುವ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹಳೆಯ ಗಣಿ ಕಾರ್ಮಿಕನಿಗೆ ಏನಿದೆ? ಅವನ ಎದೆಯಲ್ಲಿ ಕೊಲಾಜೆನ್ ನೇಯಿಸುತ್ತಿರುವ ದೂತರಾರು ಎಂಬುದು ವಿಜ್ಞಾನಕ್ಕೆ ಗೊತ್ತಿದೆ. ಮುಖ್ಯನಾದವನಿಗೆ ಟಿಜಿಎಫ್-ಬೀಟಾ ಎಂದು ಹೆಸರು. ಆದರೆ ಸಿಲಿಕೋಸಿಸ್‌ಗೆಂದೇ ಅನುಮತಿ ಪಡೆದ, ದೂತನನ್ನು ಹಿಡಿಯುವ ಪ್ರೋಟೀನ್ ಔಷಧ ಇಂದಿಗೂ ಒಂದೂ ಇಲ್ಲ. ಕಾರಣ ಬರೀ ಉದಾಸೀನವಲ್ಲ ಎಂಬುದನ್ನು ಒಪ್ಪಬೇಕು. ಟಿಜಿಎಫ್-ಬೀಟಾ ದೇಹದ ತುಂಬ ಒಳ್ಳೆಯ ಕೆಲಸಗಳನ್ನೂ ಮಾಡುತ್ತದೆ. ರೋಗನಿರೋಧಕ ವ್ಯವಸ್ಥೆಗೆ ಲಗಾಮು ಅದರ ಕೈಯಲ್ಲಿದೆ. ಅದನ್ನು ಎಲ್ಲೆಡೆ ತಡೆದರೆ ಅಪಾಯ. ಕಾರಣ ತಿಳಿಯದ ಶ್ವಾಸಕೋಶದ ಕಲೆಗಟ್ಟುವಿಕೆಗೆಂದು ಇದಕ್ಕೆ ಸಮೀಪದ ಇನ್ನೊಬ್ಬ ದೂತನನ್ನು ಹಿಡಿಯುವ ಪಾಮ್ರೆವ್ಲುಮ್ಯಾಬ್ ಎಂಬ ಪ್ರತಿಕಾಯ ದೊಡ್ಡ ಪ್ರಯೋಗದಲ್ಲಿ 2023ರಲ್ಲಿ ಸೋತಿತು. ಟಿಜಿಎಫ್-ಬೀಟಾವನ್ನು ಎಚ್ಚರಿಸುವ ಕೊಂಡಿಯನ್ನು ತಡೆಯುವ ಮತ್ತೊಂದು ಪ್ರತಿಕಾಯದ ಪ್ರಯೋಗ 2019ರಲ್ಲಿಯೇ ನಿಂತಿತು. ಸದ್ಯಕ್ಕೆ ಇರುವುದು ನಿಂಟೆಡಾನಿಬ್‌ನಂತಹ ಗುಳಿಗೆ. ಅದು ಪ್ರೋಟೀನಲ್ಲ, ಹಲವು ದೂತರ ಗ್ರಾಹಕಗಳನ್ನು ಒಟ್ಟಿಗೆ ತಡೆಯುವ ಸಣ್ಣ ಅಣು. ಬೇರೆ ಬಗೆಯ ಕಲೆಗಟ್ಟುವಿಕೆಯಲ್ಲಿ ಅದು ರೋಗದ ವೇಗವನ್ನು ತಗ್ಗಿಸುತ್ತದೆ, ವಾಸಿ ಮಾಡುವುದಿಲ್ಲ. ಇದೇ ದೂತರ ಬಂಧುಗಳನ್ನು ಹಿಡಿಯುವ ಬೋನು ಪ್ರೋಟೀನುಗಳು ಮಾತ್ರ ಬೇರೆಡೆ ಗೆದ್ದಿವೆ. ರಕ್ತಹೀನತೆಗೆ ಲಸ್ಪಾಟರ್ಸೆಪ್ಟ್ 2019ರಲ್ಲಿ, ಶ್ವಾಸಕೋಶದ ರಕ್ತನಾಳಗಳ ಅತಿಯೊತ್ತಡಕ್ಕೆ ಸೊಟಾಟರ್ಸೆಪ್ಟ್ 2024ರಲ್ಲಿ ಬಂದವು. ಆದ್ದರಿಂದ ದಾರಿ ಮುಚ್ಚಿದೆ ಎನ್ನುವಂತಿಲ್ಲ.

ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇನ್ನೊಂದು ಕಾರಣವನ್ನೂ ಕಾಣುತ್ತೇನೆ. ಕೊಳ್ಳುವ ಶಕ್ತಿಯಿಲ್ಲದವನ ಅಗತ್ಯ ಮಾರುಕಟ್ಟೆಯ ಲೆಕ್ಕದಲ್ಲಿ ಬೇಡಿಕೆ ಎನಿಸಿಕೊಳ್ಳುವುದಿಲ್ಲ. ಕಲೆಗಟ್ಟುವಿಕೆಯ ಮೇಲಿನ ದೊಡ್ಡ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದದ್ದು ಶ್ರೀಮಂತ ದೇಶಗಳ ವಯಸ್ಸಾದವರನ್ನು ಕಾಡುವ, ಕಾರಣ ತಿಳಿಯದ ರೋಗದ ಮೇಲೆ. ಸಿಲಿಕೋಸಿಸ್‌ಗೆ ಕಾರಣ ಚೆನ್ನಾಗಿ ತಿಳಿದಿದೆ. ಪೀಡಿತರು ಕಲ್ಲು ಒಡೆಯುವವರು, ಗಣಿ ಇಳಿದವರು. ಅಡುಗೆಮನೆಯ ಕಟ್ಟೆಗಳಿಗೆ ಬಳಸುವ ಕೃತಕ ಶಿಲೆಯನ್ನು ಕತ್ತರಿಸುವ ಯುವ ಕಾರ್ಮಿಕರಲ್ಲಿ ರೋಗ ಹಬ್ಬಿದಾಗ ಆಸ್ಟ್ರೇಲಿಯ ಎಚ್ಚೆತ್ತು, 2024ರ ಜುಲೈ 1ರಿಂದ ಆ ಶಿಲೆಯನ್ನೇ ನಿಷೇಧಿಸಿತು. ಶ್ರೀಮಂತ ದೇಶದ ರೋಗಿಗಳು ಕಾಣಿಸಿಕೊಂಡಮೇಲೆ ಸಂಶೋಧಕರ ಗಮನವೂ ಈ ರೋಗದತ್ತ ಹೊರಳಿದೆ. ಕೋಲಾರದ ಏಳೂವರೆ ಸಾವಿರ ಎದೆಗಳ ಕ್ಷ-ಕಿರಣ ಚಿತ್ರಗಳು 1940ರ ದಶಕದಲ್ಲಿ ಹೊರಳಿಸಲಾಗದ ಗಮನ ಅದು.

ಸೇವೆಯಲ್ಲಿದ್ದ ದಿನಗಳಲ್ಲಿ ಇಂತಹ ಪರಿಹಾರದ ಕಡತಗಳನ್ನು ನಾನು ಕಂಡಿದ್ದೇನೆ. ರೋಗವು ಯಾವ ಹಂತದಲ್ಲಿದೆ, ಶೇಕಡಾ ಎಷ್ಟು ದುಡಿಮೆಯ ಶಕ್ತಿ ಕುಂದಿದೆ, ಅದಕ್ಕೆ ಎಷ್ಟು ರೂಪಾಯಿ ಎಂಬ ಲೆಕ್ಕ ಅವುಗಳಲ್ಲಿ ಇರುತ್ತಿತ್ತು. ಕೆಲವು ಕಡತಗಳು ಇತ್ಯರ್ಥವಾಗುವ ಹೊತ್ತಿಗೆ ಅರ್ಜಿದಾರರ ಹೆಸರಿನ ಹಿಂದೆ ದಿವಂಗತ ಎಂದು ಸೇರಿಸಬೇಕಾಗುತ್ತಿತ್ತು. ಪರಿಹಾರ ಕಾನೂನಿನ ದೃಷ್ಟಿಯಿಂದ ಅದು ಅಲ್ಲಿಗೆ ಮುಗಿದ ವಿಷಯ. ವೈದ್ಯವಿಜ್ಞಾನದ ದೃಷ್ಟಿಯಿಂದ ಅಲ್ಲಿಂದಲೇ ಶುರುವಾಗಬೇಕಾದ ವಿಷಯ.

ರಾಮಚಂದ್ರನ್ ಅವರ ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ಮನಸ್ಸಿನ ಏರಿಳಿತಗಳು ಅವರನ್ನು ಹಲವು ಬಾರಿ ಕಾಡಿದ್ದವು. ನಂತರ ಪಾರ್ಶ್ವವಾಯು, ಪಾರ್ಕಿನ್‌ಸನ್ ಕಾಯಿಲೆ ಬಂದವು. ಪ್ರಯೋಗಾಲಯದಿಂದ ದೂರ ಸರಿದಮೇಲೆ ಅವರು ತರ್ಕಶಾಸ್ತ್ರದತ್ತ ಹೊರಳಿ, ಜೈನರ ಸ್ಯಾದ್ವಾದವನ್ನು ಗಣಿತದ ಭಾಷೆಗೆ ತರಲು ಯತ್ನಿಸಿದರು. ಇದೆ, ಇಲ್ಲ ಎಂಬ ಎರಡೇ ಉತ್ತರಗಳಿಗೆ ಜಗತ್ತು ಬಗ್ಗುವುದಿಲ್ಲ ಎಂಬ ಆ ಹಳೆಯ ದರ್ಶನ, ಅನುಮತಿ ಮತ್ತು ನಿಷೇಧಗಳ ನಕ್ಷೆ ಬರೆದವರನ್ನು ಸೆಳೆದದ್ದು ಸ್ವಾರಸ್ಯಕರ. 1998ರಲ್ಲಿ ರಾಜಮ್ ತೀರಿಕೊಂಡರು. ಅಲ್ಲಿಂದಾಚೆಗೆ ಅವರು ಚೇತರಿಸಿಕೊಳ್ಳಲಿಲ್ಲ. 1999ರಲ್ಲಿ ಅಂತರರಾಷ್ಟ್ರೀಯ ಹರಳುವಿಜ್ಞಾನ ಒಕ್ಕೂಟದ ಇವಾಲ್ಡ್ ಪ್ರಶಸ್ತಿ ಬಂದಾಗ ಅವರು ಬಹುಮಟ್ಟಿಗೆ ಹಾಸಿಗೆ ಹಿಡಿದಿದ್ದರು.

ಅವರ ಕಾಲಾನಂತರ ಪ್ರೋಟೀನುಗಳ ವಿದ್ಯೆ ಅವರೂ ಊಹಿಸಿರದ ಎತ್ತರಕ್ಕೆ ಬೆಳೆದಿದೆ. ಪ್ರಕೃತಿಯಲ್ಲಿ ಎಂದೂ ಇಲ್ಲದ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿದ ಡೇವಿಡ್ ಬೇಕರ್ ಅವರಿಗೂ, ಸರಪಳಿಯ ಅಕ್ಷರಗಳಿಂದಲೇ ಅದರ ಆಕಾರವನ್ನು ಊಹಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೂ 2024ರ ರಸಾಯನವಿಜ್ಞಾನದ ನೊಬೆಲ್ ಸಂದಿತು. ದೂತನನ್ನು ದೇಹದ ತುಂಬ ತಡೆಯದೆ, ರೋಗಗ್ರಸ್ತ ಶ್ವಾಸಕೋಶದಲ್ಲಿ ಮಾತ್ರ ಹಿಡಿಯುವ ಸಣ್ಣ ಪ್ರೋಟೀನನ್ನು ರೂಪಿಸುವುದು ಈಗ ಕನಸಿನ ಮಾತಲ್ಲ, ಹಣ ಮತ್ತು ತಾಳ್ಮೆಯ ಮಾತು. ರಾಮಚಂದ್ರನ್ ಕಟ್ಟಿದ ಘಟಕ ಬೆಂಗಳೂರಿನಲ್ಲಿದೆ. ಈ ಬಗೆಯ ಔಷಧಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಕಾರ್ಖಾನೆಗಳೂ ಅದೇ ನಗರದಲ್ಲಿವೆ. ರೋಗಿಗಳು ನೂರು ಕಿಲೊಮೀಟರ್ ದೂರದ ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಲೈನ್ ಮನೆಗಳಲ್ಲಿದ್ದಾರೆ. ಗಣಿ ಮುಚ್ಚಿದಾಗ ಮೂವತ್ತರ ಪ್ರಾಯದವರಾಗಿದ್ದವರಿಗೆ ಈಗ ಐವತ್ತು ದಾಟಿದೆ. ಸಿಲಿಕೋ‌ಸಿಸ್ ತಡವಾಗಿ ತಲೆಯೆತ್ತುವ ರೋಗವಾದ್ದರಿಂದ ಇವರಲ್ಲಿ ಹಲವರ ಸರದಿ ಇನ್ನೂ ಮುಂದಿದೆ. ರಾಜಸ್ಥಾನ ಸರ್ಕಾರ 2019ರಲ್ಲಿ ಈ ರೋಗಕ್ಕೆಂದೇ ಪ್ರತ್ಯೇಕ ನೀತಿ ತಂದು ಪೀಡಿತರ ನೋಂದಣಿ, ಪ್ರಮಾಣಪತ್ರ, ನೆರವಿನ ವ್ಯವಸ್ಥೆ ಮಾಡಿತು. ನಮ್ಮಲ್ಲಿಯೂ ಹಳೆಯ ಗಣಿ ಕಾರ್ಮಿಕರ ಎದೆಯ ಚಿತ್ರಗಳನ್ನು ವರ್ಷ ವರ್ಷವೂ ತೆಗೆದು ದಾಖಲಿಸುವ ಕೆಲಸ, ರೋಗ ಇರುವವರಿಗೆ ಈಗಿರುವ ಗುಳಿಗೆಯನ್ನಾದರೂ ವೈದ್ಯರ ಸಲಹೆಯಂತೆ ಸರ್ಕಾರದ ವೆಚ್ಚದಲ್ಲಿ ಕೊಡುವ ಕೆಲಸ, ಹೊಸ ಔಷಧದ ಪ್ರಯೋಗ ನಡೆಯುವಾಗ ಅವರ ಒಪ್ಪಿಗೆಯೊಂದಿಗೆ ಮೊದಲ ಅವಕಾಶವನ್ನು ಅವರಿಗೇ ಕೊಡುವ ಕೆಲಸ ಆಗಬೇಕು. ಸಂಶೋಧನೆಗೆ ಹಣವನ್ನು ರಾಜ್ಯದ ಮುಂಗಡಪತ್ರದಲ್ಲಿ ತೆಗೆದಿಡಬೇಕು. ಚಿನ್ನದ ರಾಜಧನವನ್ನು ಬೊಕ್ಕಸ ದಶಕಗಳ ಕಾಲ ಪಡೆದಿತ್ತು, ಆ ಲೆಕ್ಕಪುಸ್ತಕದ ಖರ್ಚಿನ ಕಾಲಂ ಇನ್ನೂ ಖಾಲಿ ಬಿದ್ದಿದೆ.